ಪರಂಪರೆಯ ತಾಣದಲ್ಲಿ ಯೋಜನೆಯ ಪಾಠ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಜರುಗಿದ ಯುವಜನ ಸಮಾವೇಶದಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ನಾಲ್ಕು ಮಾತುಗಳನ್ನಾಡುವ ಭಾಗ್ಯ ನಮ್ಮಂಥ ಶಿಕ್ಷಕರಿಗೆ ದೊರೆತುದು ದೊಡ್ಡ ಸಂತೋಷದ ಸಂಗತಿ. ವಿದ್ಯಾರ್ಥಿಗಳ ತಂಡಗಳನ್ನು ಕಟ್ಟಿಕೊಂಡು ಒಂದು ವರ್ಷ ನಾವು ಮಾಡಿದ ಕೆಲಸವನ್ನು ಕುರಿತು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನಾವು ಗೆದ್ದುದಕ್ಕಿಂತ ತಪ್ಪಿದುದೇ ಹೆಚ್ಚು. ಆದರೆ ತಪ್ಪಿದ ಸ್ಥಳಗಳಲ್ಲಿಯೇ ನಾವು ಕಲಿತೆವು. ಆದುದರಿಂದ ಆ ತಪ್ಪುಗಳನ್ನು ಮುಚ್ಚಿಡದೆ ತಮ್ಮೆದುರು ಇಡುತ್ತೇವೆ.

ಇಂದು ಕಾಲೇಜುಗಳಲ್ಲಿ ‘ಪ್ರಾಜೆಕ್ಟ್’ ಎಂಬ ಶಬ್ದ ಎಲ್ಲರ ಬಾಯಲ್ಲಿಯೂ ಇದೆ. ಕೊನೆಯ ವರ್ಷದಲ್ಲಿ ಒಂದು ಪ್ರಾಜೆಕ್ಟ್ ಒಪ್ಪಿಸಲೇಬೇಕು. ಒಪ್ಪಿಸುವವರು ನಾಲ್ವರು, ದುಡಿಯುವವನು ಒಬ್ಬ, ಎಂಬ ಮಾತೂ ತಮಗೆ ಹೊಸದಲ್ಲ. ಒಂದು ಕೆಲಸವನ್ನು ಹಲವರು ಸೇರಿ, ಹೇಳಿದ ಕಾಲಕ್ಕೆ, ಇದ್ದ ಹಣದಲ್ಲಿ, ಆಡಿದ ಮಾತಿಗೆ ತಪ್ಪದಂತೆ ಮುಗಿಸುವ ವಿದ್ಯೆಗೆ ಯೋಜನಾ ನಿರ್ವಹಣೆ ಎಂದು ಹೆಸರು. ಇದಕ್ಕಾಗಿ ದೊಡ್ಡ ದೊಡ್ಡ ಗ್ರಂಥಗಳಿವೆ. 1957ರ ಸುಮಾರಿಗೆ ಅಮೇರಿಕೆಯ ಡ್ಯೂಪಾಂಟ್ ಕಂಪನಿಯವರು ‘ನಿರ್ಣಾಯಕ ಪಥ’ ಎಂಬ ಒಂದು ಲೆಕ್ಕದ ಪದ್ಧತಿಯನ್ನು ರೂಪಿಸಿದರು. ಯಾವ ಕೆಲಸ ತಡವಾದರೆ ಇಡೀ ಯೋಜನೆಯೇ ತಡವಾಗುವುದೋ ಅಂಥ ಕೆಲಸಗಳ ಸಾಲನ್ನು ಮೊದಲೇ ಗುರುತಿಸುವುದು ಅದರ ಸಾರ.

ಇದನ್ನು ತಿಳಿಯಲು ಗೋಕಾಕದವರು ಅಮೇರಿಕೆಗೆ ಹೋಗಬೇಕಾಗಿಲ್ಲ. ಕರದಂಟು ಮಾಡುವವರ ಮನೆಯಲ್ಲಿ ನಿಂತು ನೋಡಿದರೆ ಸಾಕು. ಅಂಟನ್ನು ತುಪ್ಪದಲ್ಲಿ ಕರಿದಿಡಬೇಕು, ಕೊಬ್ಬರಿ ಹೆರೆಯಬೇಕು, ಉತ್ತತ್ತಿ, ಗೋಡಂಬಿ ಹೆಚ್ಚಬೇಕು. ಇವನ್ನು ಯಾರು ಮೊದಲು ಮಾಡಿದರೂ, ಯಾರು ಅನಂತರ ಮಾಡಿದರೂ ಬಾಧೆಯಿಲ್ಲ. ಆದರೆ ಒಲೆಯ ಮೇಲಿನ ಬೆಲ್ಲದ ಪಾಕ ಯಾರಿಗಾಗಿಯೂ ಕಾಯುವುದಿಲ್ಲ. ಪಾಕ ಹದಕ್ಕೆ ಬಂದ ಗಳಿಗೆಯಲ್ಲಿ ಉಳಿದುದೆಲ್ಲವೂ ಕೈಯಳತೆಯಲ್ಲಿ ಸಿದ್ಧವಾಗಿರಬೇಕು. ‘ಕೊಬ್ಬರಿ ಇನ್ನೂ ಹೆರೆದಿಲ್ಲ’ ಎಂದರೆ ಪಾಕ ಕೆಟ್ಟಿತು, ಹಣ ಹೋಯಿತು. ಪ್ರತಿಯೊಂದು ಯೋಜನೆಯಲ್ಲಿಯೂ ಇಂಥದೊಂದು ಪಾಕವಿರುತ್ತದೆ. ಅದು ಯಾವುದೆಂದು ಮೊದಲೇ ಕಂಡುಕೊಳ್ಳುವವನೇ ಜಾಣ.

ನಾವು ಆರಿಸಿಕೊಂಡ ಕೆಲಸದಲ್ಲಿ ಆ ಪಾಕ ಯಾವುದೆಂದರೆ, ಘಟಪ್ರಭೆಯ ನೀರು.

ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಆಣೆಕಟ್ಟು ಕಟ್ಟಿದುದು ತಮಗೆಲ್ಲ ಗೊತ್ತಿದೆ. ರಾಜಾ ಲಖಮಗೌಡ ಜಲಾಶಯವೆಂದು ಅದಕ್ಕೆ ಹೆಸರು. ಅದರ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಹುನ್ನೂರೂ ಒಂದು. ಊರಿನ ಜನ ಬೇರೆಡೆಗೆ ಹೋದರು. ವಿಠ್ಠಲನ ಕಲ್ಲಿನ ಗುಡಿ ಅಲ್ಲಿಯೇ ಉಳಿಯಿತು. ಜಲಾಶಯ ತುಂಬಿದಾಗ ಅದು ನೀರಿನ ಅಡಿಯಲ್ಲಿರುತ್ತದೆ. ಬೇಸಿಗೆಯಲ್ಲಿ ನೀರು ತೀರ ಕೆಳಗಿಳಿದಾಗ ಗುಡಿ ಹೊರಗೆ ಕಾಣಿಸುತ್ತದೆ. ಆಗ ಸುತ್ತಲಿನ ಜನ ದರ್ಶನಕ್ಕೆ ಬರುತ್ತಾರೆ. ಮಳೆ ಹಿಡಿದು ನೀರು ಏರಿತೆಂದರೆ ಗುಡಿ ಮತ್ತೆ ಕಣ್ಮರೆಯಾಗುತ್ತದೆ.

ಪರಂಪರೆಯ ತಾಣಗಳಿಗೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ. ಗೋಕಾಕ ಜಲಪಾತದ ದಡದಲ್ಲಿ ಚಾಲುಕ್ಯ ಕಾಲದ ಗುಡಿಗಳಿವೆ. ಸುಮಾರು 52 ಮೀಟರು ಎತ್ತರದಿಂದ ಧುಮುಕುವ ಆ ನೀರಿನ ಬಲವನ್ನೇ ನಂಬಿ 1885ರಲ್ಲಿ ಹುಟ್ಟಿದ ಗಿರಣಿ ಕಂಪನಿಯಿದೆ, ತೂಗು ಸೇತುವೆಯಿದೆ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಂಬಜಗಳಿವೆ. ಇವನ್ನೆಲ್ಲ ಬಿಟ್ಟು ಹುನ್ನೂರನ್ನು ಏಕೆ ಆರಿಸಿದಿರೆಂದು ಅನೇಕರು ಕೇಳಿದರು. ಗುಂಬಜವನ್ನು ಈ ವರ್ಷ ಅಳೆಯದಿದ್ದರೆ ಮುಂದಿನ ವರ್ಷ ಅಳೆಯಬಹುದು. ಹುನ್ನೂರಿನ ಗುಡಿಗೆ ಆ ಮಾತು ಸಲ್ಲದು. ಕೆಲವು ವಾರಗಳು ಮಾತ್ರ ಅದು ನಮಗೆ ಸಿಕ್ಕುತ್ತದೆ. ಕಾಲದ ಬೆಲೆಯನ್ನು ಕಲಿಸಲು ಅದಕ್ಕಿಂತ ಕಟ್ಟುನಿಟ್ಟಾದ ಗುರು ನಮಗೆ ದೊರೆಯುತ್ತಿರಲಿಲ್ಲ.

ಮೂರು ಊರುಗಳಿಂದ ಮೂರು ತಂಡಗಳನ್ನು ಮಾಡಿದೆವು. ಗೋಕಾಕದ ತಂಡಕ್ಕೆ ಅಳತೆ ಮತ್ತು ನಕ್ಷೆ; ಹುಕ್ಕೇರಿಯ ತಂಡಕ್ಕೆ ಅನುಮತಿಗಳು ಮತ್ತು ಹುನ್ನೂರಿನ ಹಿರಿಯರೊಡನೆ ಮಾತುಕತೆ; ಮೂಡಲಗಿಯ ತಂಡಕ್ಕೆ ವೇಳಾಪಟ್ಟಿ, ಹಣ, ವಾಹನ ಮತ್ತು ಊಟದ ವ್ಯವಸ್ಥೆ. ಗುಡಿ ಹೊರಬಂದಾಗ ಬರುವ ಜನರಿಗೆ ಸುರಕ್ಷಿತವಾದ ದಾರಿ, ನೆರಳು, ಕುಡಿಯುವ ನೀರು, ಸ್ಥಳದ ಇತಿಹಾಸವನ್ನು ತಿಳಿಸುವ ಫಲಕ, ಇವುಗಳಿಗೆ ಒಂದು ವಿನ್ಯಾಸವನ್ನು ಸಿದ್ಧಪಡಿಸುವುದು ಗುರಿ. ಬೇರೆ ಬೇರೆ ಧರ್ಮದ ಮಕ್ಕಳು ತಂಡಗಳಲ್ಲಿದ್ದರು. ಪರರ ಪೂಜಾಸ್ಥಳಕ್ಕೆ ಹೋಗುವಾಗ ಹಿರಿಯರ ಒಪ್ಪಿಗೆ ಪಡೆದು, ಪಾದರಕ್ಷೆ ಕಳಚಿ ಹೋಗಬೇಕೆಂಬುದನ್ನು ನಾವು ಮೊದಲನೆಯ ನಿಯಮವನ್ನಾಗಿ ಬರೆದೆವು. ಯಾರೂ ನೀರಿಗೆ ಇಳಿಯಕೂಡದು ಎಂಬುದು ಎರಡನೆಯದು.

ಇನ್ನು ತಪ್ಪುಗಳ ಕಥೆ.

ಮೊದಲನೆಯ ತಪ್ಪು ಉತ್ಸಾಹದಿಂದಾದುದು. ನೀರು ಇಳಿಯುವ ಮೊದಲೇ, ಗುಡಿಯನ್ನು ಕಣ್ಣಿನಿಂದ ನೋಡುವ ಮೊದಲೇ, ಜನವರಿಯಲ್ಲಿ ಮಕ್ಕಳು ಒಂದು ಸೊಗಸಾದ ಚಿತ್ರವನ್ನು ಬರೆದು ತಂದರು. ಸಿಮೆಂಟಿನ ವಿಶಾಲವಾದ ಕಟ್ಟೆ, ಕಮಾನಿನ ದ್ವಾರ, ದೀಪದ ಕಂಬಗಳು, ಶೌಚಾಲಯ. ನಾವೂ ಮೆಚ್ಚಿ ತಲೆದೂಗಿದೆವು. ಹುಕ್ಕೇರಿಯ ತಂಡದವರು ಆ ಚಿತ್ರವನ್ನು ಹುನ್ನೂರು ಬಿಟ್ಟು ಬಂದ ವೃದ್ಧರೊಬ್ಬರಿಗೆ ತೋರಿಸಿದರು. ಅವರು ಬಹಳ ಹೊತ್ತು ನೋಡಿ, ‘ತಮ್ಮಾ, ಚಿತ್ರ ಚಲೋ ಐತಿ. ಆದ್ರ ಮಳಿಗಾಲದಾಗ ಇದು ಅಷ್ಟೂ ನೀರಾಗ ಹೋಗತೈತಿ. ಆವಾಗ ಈ ಕಟ್ಟಿ ಮ್ಯಾಲ ಯಾರ ಕುಂಡ್ರವ್ರು, ಮೀನ?’ ಎಂದರಂತೆ. ಮೂರು ವಾರದ ಶ್ರಮ ಒಂದೇ ಮಾತಿನಿಂದ ಮುಗಿಯಿತು. ತಲೆದೂಗಿದ ನಮಗೂ ನಾಚಿಕೆಯಾಯಿತು. ಸ್ಥಳವನ್ನು ನೋಡದೆ, ಅಲ್ಲಿ ಬದುಕಿದವರನ್ನು ಕೇಳದೆ, ಪೆನ್ಸಿಲ್ ಹಿಡಿಯಬಾರದು ಎಂಬುದು ಅಂದು ನಮಗೆ ಮನದಟ್ಟಾಯಿತು.

ಎರಡನೆಯ ತಪ್ಪು ಅಳತೆಯಲ್ಲಿ. ಆ ವರ್ಷ ನೀರು ನಾವೆಣಿಸಿದುದಕ್ಕಿಂತ ತಡವಾಗಿ ಇಳಿಯಿತು. ಹನ್ನೆರಡು ದಿನಗಳ ಕೆಲಸವೆಂದು ಬರೆದಿದ್ದೆವು. ನಮಗೆ ದೊರೆತದ್ದು ಏಳೇ ದಿನ. ಅವಸರದಲ್ಲಿ ಗೋಕಾಕದ ತಂಡ ಎರಡು ಭಾಗವಾಯಿತು. ಒಂದು ಭಾಗದವರು ಎತ್ತರವನ್ನು ಗುಡಿಯ ಒಳನೆಲದಿಂದ ಅಳೆದರು. ಇನ್ನೊಂದು ಭಾಗದವರು ಹೊರಗೆ ಕೆಸರು ಕಟ್ಟಿದ ನೆಲದಿಂದ ಅಳೆದರು. ಇಬ್ಬರ ಟೇಪೂ ಸರಿ, ಇಬ್ಬರ ಲೆಕ್ಕವೂ ಸರಿ; ಆದರೆ ನಕ್ಷೆಯಲ್ಲಿ ಗೋಡೆಗೂ ಮಾಳಿಗೆಗೂ ಹೊಂದಿಕೆಯೇ ಆಗಲಿಲ್ಲ. ಸೊನ್ನೆ ಎಲ್ಲಿದೆ ಎಂಬುದನ್ನು ಇಬ್ಬರೂ ಕೂಡಿ ಗೊತ್ತುಮಾಡಿರಲಿಲ್ಲ. ನಮ್ಮ ಗೌಂಡಿಗಳು ಕೆಲಸಕ್ಕೆ ಕೈಹಚ್ಚುವ ಮೊದಲು ದಾರ ಕಟ್ಟಿ, ಓಳಂಬ ಬಿಟ್ಟು, ಒಂದು ಗುರುತು ಮಾಡಿಕೊಳ್ಳುತ್ತಾರೆ. ಪುಸ್ತಕ ಓದಿದ ನಾವು ಅದನ್ನೇ ಮರೆತಿದ್ದೆವು. ಏಳು ದಿನಗಳಲ್ಲಿ ಎರಡು ದಿನ ಮರು ಅಳತೆಗೆ ಹೋಯಿತು.

ಮೂರನೆಯ ತಪ್ಪು ಎಲ್ಲಕ್ಕಿಂತ ದೊಡ್ಡದು. ಮೂಡಲಗಿಯ ತಂಡದ ಒಬ್ಬ ಹುಡುಗನಿಗೆ ವಾಹನದ ಏರ್ಪಾಡನ್ನು ಒಪ್ಪಿಸಿದ್ದೆವು. ಮನೆಯಲ್ಲಿ ತಂದೆಗೆ ಕಾಯಿಲೆ. ಹೊಲದ ಕೆಲಸವೆಲ್ಲ ಇವನ ಮೇಲೆ ಬಿದ್ದಿತ್ತು. ತನ್ನಿಂದ ಆಗುತ್ತಿಲ್ಲವೆಂದು ಹೇಳಲು ಅವನಿಗೆ ಸಂಕೋಚ. ‘ಆಗತೈತ್ರಿ ಸರ್’ ಎನ್ನುತ್ತಲೇ ಬಂದ. ಹೊರಡುವ ದಿನ ಬೆಳಿಗ್ಗೆ ವಾಹನವಿಲ್ಲ. ಇಪ್ಪತ್ತೆರಡು ಮಕ್ಕಳು ಬಸ್ ನಿಲ್ದಾಣದಲ್ಲಿ ನಿಂತರು. ಕೆಲವರು ಅವನನ್ನು ಬೈದರು. ಅವನು ಅಳುತ್ತ ಕುಳಿತ. ಆ ತಪ್ಪು ಅವನದಲ್ಲ, ನಮ್ಮದೆಂದು ಆಮೇಲೆ ತಿಳಿಯಿತು. ‘ಆಗಿದೆಯೇ’ ಎಂದು ನಾವು ಪ್ರತಿ ವಾರ ಕೇಳಿದ್ದೆವು. ‘ನಿನಗೇನು ತೊಂದರೆ’ ಎಂದು ಒಮ್ಮೆಯೂ ಕೇಳಿರಲಿಲ್ಲ. ಅಂದಿನಿಂದ ವಾರದ ಸಭೆಯಲ್ಲಿ ಮೊದಲು ಕೇಳುವ ಪ್ರಶ್ನೆಯನ್ನೇ ಬದಲಾಯಿಸಿದೆವು. ಗೋಡೆಯ ಮೇಲಿನ ಪಟ್ಟಿಯಲ್ಲಿ ಯಾರಾದರೂ ತಮ್ಮ ಕೆಲಸದ ಎದುರಿಗೆ ಕೆಂಪು ಗುರುತು ಹಾಕಿದರೆ ಅದು ಅವಮಾನವಲ್ಲ, ನೆರವಿಗೆ ಕರೆ, ಎಂದು ಗೊತ್ತುಮಾಡಿದೆವು. ಮುಂದಿನ ವಾರ ಆರು ಕೆಂಪು ಗುರುತುಗಳು ಬಿದ್ದವು. ಅಲ್ಲಿಂದ ಮುಂದೆ ಕೆಲಸ ಸಾಗಿತು.

ಈ ಮೂಡಲಗಿಯ ಮಕ್ಕಳನ್ನು ಕುರಿತು ಇನ್ನೊಂದು ಮಾತು ಹೇಳಲೇಬೇಕು. ಲೆಕ್ಕದ ಪುಸ್ತಕ ಹಿಡಿದು ಬಂದ ಅವರಿಗೆ ಹುನ್ನೂರು ಆರಂಭದಲ್ಲಿ ಪರರ ಊರು. ಗುಡಿಯ ಸುತ್ತ ಬಿರುಕುಬಿಟ್ಟ ಕೆಸರಿನಲ್ಲಿ ಮನೆಗಳ ಅಡಿಪಾಯದ ಕಲ್ಲುಗಳನ್ನು ತೋರಿಸುತ್ತ ಹಿರಿಯರು, ‘ಇದು ನಮ್ಮ ಪಡಸಾಲಿ, ಅದು ಗೌಡ್ರ ಹಿತ್ತಲ’ ಎಂದು ಹೇಳುತ್ತಿದ್ದರು. ಕೇಳುತ್ತ ನಿಂತಿದ್ದ ಹುಡುಗನೊಬ್ಬನು ನಮ್ಮ ಬಳಿ ಬಂದು ಮೆಲ್ಲಗೆ, ‘ಸರ್, ನಮ್ಮ ಹೊಲಕ್ಕೆ ಬರುವ ಕಾಲುವೆಯ ನೀರು ಇಲ್ಲಿಯದೇ ಅಲ್ಲವೇ?’ ಎಂದು ಕೇಳಿದನು. ಹೌದು, ಹಿಡಕಲ್ಲಿನಲ್ಲಿ ನಿಂತ ನೀರೇ ಹೊಳೆಗುಂಟ ಧೂಪದಾಳಕ್ಕೆ ಬಂದು, ಕಾಲುವೆಯಾಗಿ ಮೂಡಲಗಿಯ ಕಡೆಗೆ ಹರಿದು, ಅಲ್ಲಿಯ ಕಬ್ಬನ್ನು ಬೆಳೆಸುತ್ತದೆ. ಒಂದೂರಿನ ಮನೆ ಮುಳುಗಿದುದರಿಂದ ಇನ್ನೊಂದೂರಿನ ಹೊಲ ಹಸಿರಾಯಿತು. ಅಂದಿನಿಂದ ಆ ಹುಡುಗರು ಲೆಕ್ಕವನ್ನಷ್ಟೇ ಬರೆಯಲಿಲ್ಲ. ಹಿರಿಯರ ನೆನಪಿನಿಂದ ಯಾವ ಓಣಿ ಎಲ್ಲಿತ್ತು, ಬಾವಿ ಎಲ್ಲಿತ್ತು, ಚಾವಡಿ ಎಲ್ಲಿತ್ತು ಎಂಬುದನ್ನೆಲ್ಲ ಕೇಳಿ, ಹುನ್ನೂರಿನ ಒಂದು ನೆನಪಿನ ನಕ್ಷೆಯನ್ನು ಬರೆದರು. ಅದನ್ನು ಬರೆಯಿರೆಂದು ನಾವು ಹೇಳಿರಲಿಲ್ಲ. ಇಡೀ ವರ್ಷದ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳದ್ದು ಅದೇ.

ಕಡೆಯ ವಿನ್ಯಾಸ ಬಹಳ ಸರಳವಾಯಿತು. ನೀರು ಏರುವ ಗಡಿಯೊಳಗೆ ಕಾಯಂ ಆದದ್ದು ಏನೂ ಇಲ್ಲ. ಬಿದಿರಿನ ಕಟಕಟೆ, ಬಿಚ್ಚಿ ಒಯ್ಯಬಹುದಾದ ಚಪ್ಪರ, ಕೆಸರಿನ ಮೇಲೆ ಹಾಸುವ ಹಲಗೆಯ ದಾರಿ. ಫಲಕವೂ ಶೌಚಾಲಯವೂ ದಡದ ಮೇಲೆ. ಗುಡಿಯ ಕಲ್ಲಿಗೆ ಒಂದು ಮೊಳೆಯನ್ನೂ ಹೊಡೆಯತಕ್ಕದ್ದಲ್ಲ. ಈ ವಿನ್ಯಾಸ ಇನ್ನೂ ಕಾಗದದ ಮೇಲೆಯೇ ಇದೆ. ಆದರೆ ಅಳತೆಯ ನಕ್ಷೆಗಳ ಮೂರು ಪ್ರತಿಗಳನ್ನು ಮಾಡಿ ಒಂದನ್ನು ಊರಿನ ಹಿರಿಯರಿಗೆ ಒಪ್ಪಿಸಿದೆವು. ಅವರು ಅದನ್ನು ದೇವರ ಜಗುಲಿಯ ಮೇಲೆ ಇಟ್ಟರು. ಜೂನಿನಲ್ಲಿ ಮಳೆ ಹಿಡಿಯಿತು, ಗುಡಿ ನೀರಿನೊಳಗೆ ಹೋಯಿತು, ನಕ್ಷೆ ಮೇಲುಳಿಯಿತು.

ಕಾಗದದ ಮೇಲಿನ ಗೆರೆಗಳಿಂದ ಏನು ಪ್ರಯೋಜನವೆಂದು ತಮ್ಮಲ್ಲಿ ಯಾರಾದರೂ ಕೇಳಬಹುದು. ಎರಡು ನಿದರ್ಶನಗಳನ್ನು ಕೊಡುತ್ತೇವೆ.

ನಮ್ಮ ಹಂಪೆಯಲ್ಲಿ 1980ರಿಂದ ಎರಡು ದಶಕಗಳ ಕಾಲ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಎಂಬ ವಿದ್ವಾಂಸರು ನಮ್ಮ ರಾಜ್ಯದ ಪುರಾತತ್ವ ಇಲಾಖೆಯ ಸಹಕಾರದಿಂದ ವಿಜಯನಗರ ಸಂಶೋಧನಾ ಯೋಜನೆಯನ್ನು ನಡೆಸಿದರು. ಚಳಿಗಾಲದಲ್ಲಿ ಶಿಬಿರ ಹೂಡಿ, ವಾಸ್ತುಶಿಲ್ಪದ ವಿದ್ಯಾರ್ಥಿಗಳನ್ನೂ ಯುವ ವಾಸ್ತುಶಿಲ್ಪಿಗಳನ್ನೂ ಕೂಡಿಸಿಕೊಂಡು, ಪಾಳುಬಿದ್ದ ಕಟ್ಟಡಗಳನ್ನು ಒಂದೊಂದಾಗಿ ಅಳೆಯಿಸಿ ನಕ್ಷೆ ಬರೆಯಿಸಿದರು. ಹಂಪೆಯ ಕುರಿತು ನಮಗಿಂದು ಇರುವ ತಿಳಿವಳಿಕೆಯ ದೊಡ್ಡ ಭಾಗ ಆ ಯುವಕ ಯುವತಿಯರು ಬಿಸಿಲಲ್ಲಿ ಹಿಡಿದ ಟೇಪಿನಿಂದ ಬಂದುದು. ಅದೇ ಹಂಪೆಯಲ್ಲಿ ಇದಕ್ಕೆ ವಿರುದ್ಧವಾದ ಪಾಠವೂ ಇದೆ. ತಾಣದ ಒಟ್ಟು ಸ್ವರೂಪವನ್ನು ಗಮನಕ್ಕೆ ತೆಗೆದುಕೊಳ್ಳದೆ ಸೇತುವೆಗಳನ್ನು ಕಟ್ಟತೊಡಗಿದ ಕಾರಣ 1999ರಲ್ಲಿ ಯುನೆಸ್ಕೋ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು; 2006ರವರೆಗೆ ಆ ಕಳಂಕ ಉಳಿಯಿತು. ಆನೆಗೊಂದಿಯ ಬಳಿಯ ಸೇತುವೆಯಂತೂ ಪೂರ್ಣಗೊಳ್ಳುವ ಮೊದಲೇ 2009ರ ಜನವರಿಯಲ್ಲಿ ಕುಸಿದು ಕೂಲಿಕಾರರು ಜೀವ ಕಳೆದುಕೊಂಡರು.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. 2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್ ನಗರದ ನೋತ್ರ್ ದಾಮ್ ಮಹಾದೇವಾಲಯದ ಮಾಳಿಗೆ ಹೊತ್ತಿ ಉರಿದು ಅದರ ಶಿಖರ ಕುಸಿದುದನ್ನು ತಾವೆಲ್ಲ ದೂರದರ್ಶನದಲ್ಲಿ ಕಣ್ಣೀರಿಟ್ಟು ನೋಡಿರಬಹುದು. ಮಧ್ಯಯುಗದ ಮರದ ತೊಲೆಗಳೆಲ್ಲ ಬೂದಿಯಾದವು. ಅದನ್ನು ಇದ್ದ ಹಾಗೆಯೇ ಮತ್ತೆ ಕಟ್ಟುವುದು ಹೇಗೆ? ಐದು ವರ್ಷ ಮುಂಚೆ, 2014ರಲ್ಲಿ, ರೆಮಿ ಫ್ರೋಮೋ ಮತ್ತು ಸೆಡ್ರಿಕ್ ತ್ರಾಂತೆಸೋ ಎಂಬ ಇಬ್ಬರು ವಾಸ್ತುಶಿಲ್ಪಿಗಳು ತಮ್ಮ ಉನ್ನತ ವ್ಯಾಸಂಗದ ಅಂಗವಾಗಿ ಆ ಮಾಳಿಗೆಯನ್ನು ಹತ್ತಿ ತೊಲೆಗಳನ್ನು ಅಳೆದು ನಕ್ಷೆ ಬರೆದಿದ್ದರು. ಅಮೇರಿಕೆಯ ಪ್ರಾಧ್ಯಾಪಕ ಆಂಡ್ರ್ಯೂ ಟ್ಯಾಲನ್ ಅವರು ಅದಕ್ಕೂ ಮೊದಲೇ ಲೇಸರ್ ಕಿರಣಗಳಿಂದ ಇಡೀ ದೇವಾಲಯವನ್ನು ಅಳೆದಿದ್ದರು. ಅವರು 2018ರಲ್ಲಿ, ಬೆಂಕಿ ಬೀಳುವ ಮುನ್ನವೇ, ತೀರಿಕೊಂಡರು. ಯಾವ ಅಪಾಯದ ಸುಳಿವೂ ಇಲ್ಲದ ದಿನಗಳಲ್ಲಿ ಮಾಡಿದ ಆ ಅಳತೆಗಳು ಅಪಾಯದ ದಿನ ಒದಗಿದವು. ಸುಮಾರು ಎರಡು ಸಾವಿರ ಓಕ್ ಮರಗಳನ್ನು ಆರಿಸಿ, ಬಡಗಿಗಳೂ ಕಲ್ಲುಕುಟಿಗರೂ ಗಾಜಿನ ಕೆಲಸದವರೂ ಒಂದೇ ವೇಳಾಪಟ್ಟಿಗೆ ಕೊರಳೊಡ್ಡಿ ದುಡಿದು, 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆದರು. ಓದುವ ಕಾಲದಲ್ಲಿ ಮಾಡಿದ ಒಂದು ಪ್ರಾಜೆಕ್ಟ್ ಮಹಾದೇವಾಲಯವೊಂದನ್ನು ಎತ್ತಿ ನಿಲ್ಲಿಸಲು ನೆರವಾಯಿತು.

ಮುಳುಗಡೆಯ ದುಃಖವೂ ನಮ್ಮ ಸಮಾಜಕ್ಕೆ ಅಪರಿಚಿತವಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಧರ್ಮಪ್ರಚಾರಕರು 19ನೆಯ ಶತಮಾನದಲ್ಲಿ ಕಟ್ಟಿಸಿದ ದೇವಾಲಯ ಹೇಮಾವತಿಯ ಹಿನ್ನೀರಿನಲ್ಲಿ ಹುನ್ನೂರಿನ ಗುಡಿಯಂತೆಯೇ ನಿಂತಿದೆ. ವಿಠ್ಠಲನ ಗುಡಿಯ ಮುಂದೆ ನಿಂತ ಮುದುಕಿಯ ಸಂಕಟವೂ ಶೆಟ್ಟಿಹಳ್ಳಿಯ ಕ್ರೈಸ್ತ ಅಜ್ಜಿಯ ಸಂಕಟವೂ ಬೇರೆಯಲ್ಲ.

ಪ್ರಿಯ ಬಾಂಧವರೇ, ಇನ್ನು ನಮ್ಮ ಮನೆಯ ಮಾತಿಗೆ ಬರುತ್ತೇವೆ. ಈ ಭಾಷಣಕ್ಕೆ ಸಿದ್ಧರಾಗುವಾಗ ನಮ್ಮ ಈ ದೇವಾಲಯದ ನಕ್ಷೆಯನ್ನು ಕೊಡಿರೆಂದು ಗುರುಮನೆಯಲ್ಲಿ ಕೇಳಿದೆವು. ಜ್ಞಾನಸ್ನಾನದ, ಮದುವೆಯ, ಮರಣದ ದಾಖಲೆ ಪುಸ್ತಕಗಳಿವೆ. ಯಾರು ಹುಟ್ಟಿದರು, ಯಾರು ಮಣ್ಣಾದರು ಎಂಬುದು ಅಂದವಾದ ಅಕ್ಷರಗಳಲ್ಲಿದೆ. ಆದರೆ ಅವರೆಲ್ಲ ಮೊಣಕಾಲೂರಿದ ಈ ಮನೆಯ ನಕ್ಷೆ ಒಂದೂ ಇಲ್ಲ. ಶತಮಾನೋತ್ಸವದ ದುರಸ್ತಿಗೆ ಹಣ ಕೂಡುತ್ತಿದೆ. ಗೋಡೆಗಳಿಗೆ ಸಿಮೆಂಟ್ ಗಿಲಾವು ಮಾಡಿಸಬೇಕೆಂಬ ಮಾತೂ ಕೇಳಿಬರುತ್ತಿದೆ. ಹಿರಿಯರಲ್ಲಿ ವಿನಯದಿಂದ ಒಂದು ಸಂಗತಿಯನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಸುಣ್ಣದ ಗಾರೆಯ ಹಳೆಯ ಗೋಡೆ ಉಸಿರಾಡುವ ಗೋಡೆ; ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿ ಕಲ್ಲನ್ನೂ ಗಾರೆಯನ್ನೂ ತಿನ್ನುತ್ತದೆ. ಚೆಲುವಿಗಾಗಿ ಮಾಡಿದುದು ಕೆಲವೇ ಮಳೆಗಾಲಗಳಲ್ಲಿ ಕೇಡಾಗುತ್ತದೆ.

ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದೂ, ಅಡಿಪಾಯ ಹಾಕಿ ಮುಗಿಸಲಾರದೆ ಹೋದರೆ ನೋಡಿದವರು ನಗುವರೆಂದೂ ಪ್ರಭು ಯೇಸು ಹೇಳಿದ ದೃಷ್ಟಾಂತವನ್ನು ಲೂಕನ ಶುಭಸಂದೇಶದಲ್ಲಿ ನಾವೆಲ್ಲ ಕೇಳಿದ್ದೇವೆ. ಮೊದಲು ಕುಳಿತುಕೊಳ್ಳುವುದು, ಆಮೇಲೆ ಕಟ್ಟುವುದು. ಯೋಜನಾ ನಿರ್ವಹಣೆಯ ಗ್ರಂಥಗಳೆಲ್ಲ ಹೇಳುವುದೂ ಇದನ್ನೇ.

ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನಮ್ಮ ಕೋರಿಕೆ ಇಷ್ಟೇ. ಈ ಮಳೆಗಾಲ ಮುಗಿದೊಡನೆ ಮೂರೂ ಊರುಗಳ ತಂಡಗಳಾಗಿ ಬನ್ನಿರಿ. ಕ್ರಿಸ್ಮಸ್ ಹಬ್ಬದೊಳಗೆ ಈ ದೇವಾಲಯವನ್ನು ಬುನಾದಿಯಿಂದ ಶಿಲುಬೆಯವರೆಗೆ ಅಳೆದು ನಕ್ಷೆ ಬರೆಯೋಣ. ಸೊನ್ನೆ ಎಲ್ಲಿ ಎಂಬುದನ್ನು ಮೊದಲ ದಿನವೇ ಕೂಡಿ ಗೊತ್ತುಮಾಡೋಣ. ಹೊರೆ ಹೆಚ್ಚಾದವರು ಅಂಜದೆ ಕೆಂಪು ಗುರುತು ಹಾಕಿರಿ. ಉಳಿದವರು ಹೆಗಲು ಕೊಡೋಣ. ಕಾಣಿಕೆಯ ಪ್ರತಿಯೊಂದು ರೂಪಾಯಿಯ ಲೆಕ್ಕವನ್ನೂ ದೇವಾಲಯದ ಬಾಗಿಲಿಗೆ ಅಂಟಿಸೋಣ. ಹಿರಿಯರೇ, ಆ ನಕ್ಷೆ ತಮ್ಮ ಕೈಸೇರುವವರೆಗೆ ಗಿಲಾವಿನ ಕೆಲಸವನ್ನು ತಡೆದಿರಿಸಬೇಕೆಂದು ಕೈಮುಗಿದು ಬೇಡುತ್ತೇವೆ. ನೂರು ವರ್ಷ ಕಾದ ಗೋಡೆ ಇನ್ನೊಂದು ಚಳಿಗಾಲ ಕಾಯಬಲ್ಲದು.

ದ್ವಿಶತಮಾನೋತ್ಸವವನ್ನು ಆಚರಿಸುವ ನಮ್ಮ ಮೊಮ್ಮಕ್ಕಳು ಗುರುಮನೆಯ ಪೆಟ್ಟಿಗೆಯನ್ನು ತೆರೆದಾಗ, ದಾಖಲೆ ಪುಸ್ತಕಗಳ ಪಕ್ಕದಲ್ಲಿ ತಮ್ಮೆಲ್ಲರ ಹೆಸರುಳ್ಳ ಒಂದು ನಕ್ಷೆ ಅವರಿಗೆ ದೊರೆಯಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.